ಸರ್ವರ್ ನಿಲ್ಲಿಸದೆ ಲಾಗಿನ್ ಸೆಟ್ಟಿಂಗ್ ಬದಲಿಸುವುದು ಹೇಗೆ?

ಕ್ಲೈಂಟ್ ಸೀಕ್ರೆಟ್‌ನ (ಲಾಗಿನ್ ಸೇವೆಗೆ ನಮ್ಮ ಸರ್ವರ್ ತೋರಿಸುವ ಗುಪ್ತಪದ) ಅವಧಿ ಮುಗಿದಿದೆ. ಬದಲಿಸಬೇಕಾದ್ದು ಒಂದೇ ಸಾಲು, ಅದಕ್ಕಾಗಿ ಇಡೀ ಸರ್ವರ್ ರೀಸ್ಟಾರ್ಟ್! ಇಂಥ ಪ್ರಾಜೆಕ್ಟ್‌ಗಳ ಕೋಡ್ ತೆರೆದರೆ ಕಾರಣ ಕಣ್ಣಿಗೆ ರಾಚುತ್ತದೆ. ಓಐಡಿಸಿ (ಬೇರೆ ಸೇವೆಯ ಖಾತೆಯಿಂದ ಲಾಗಿನ್ ಮಾಡಿಸುವ ವಿಧಾನ) ಸೆಟ್ಟಿಂಗ್ ಗ್ಲೋಬಲ್ ವೇರಿಯಬಲ್‌ನಲ್ಲಿ, ಎಲ್‌ಡ್ಯಾಪ್ (ಸಂಸ್ಥೆಯ ಬಳಕೆದಾರರ ಡೈರೆಕ್ಟರಿ) ವಿಳಾಸ ಎನ್ವಿರಾನ್ಮೆಂಟ್‌ನಲ್ಲಿ, ಉಳಿದದ್ದು ಯಾವುದೋ ಹ್ಯಾಂಡ್ಲರ್‌ನ ಹೊಟ್ಟೆಯೊಳಗೆ. ಇದನ್ನು ಬಿಚ್ಚಿ ಮತ್ತೆ ಕಟ್ಟುವ ಕ್ರಮ ಇಲ್ಲಿದೆ. ಉದಾಹರಣೆ ಗೋ ಭಾಷೆಯದ್ದು. ಜಾವಾದಲ್ಲೂ ಲೆಕ್ಕ ಇದೇ.

1. ಎಲ್ಲವನ್ನೂ ಒಂದೆಡೆ ತನ್ನಿ. ಸೆಟ್ಟಿಂಗ್ ಓದುವ ಜಾಗಗಳನ್ನೆಲ್ಲ ಗ್ರೆಪ್ ಮಾಡಿ ಹುಡುಕಿ, ಒಂದೇ ಸ್ಟ್ರಕ್ಟ್‌ಗೆ ಸೇರಿಸಿ. ಪ್ರತಿ ಪ್ರೊವೈಡರ್‌ಗೆ (ಲಾಗಿನ್ ಪರಿಶೀಲಿಸಿಕೊಡುವ ಸೇವೆ) ಐಡಿ, ವಿಧ, ಇಷ್ಯೂಯರ್ (ಟೋಕನ್ ಕೊಡುವ ಸರ್ವರ್) ವಿಳಾಸ, ಕ್ಲೈಂಟ್ ಐಡಿ ಮತ್ತು ಸೀಕ್ರೆಟ್ ಇರುವ ಫೈಲ್‌ನ ಪಾತ್ ಸಾಕು. ಸೀಕ್ರೆಟನ್ನೇ ಅಲ್ಲಿ ಬರೆಯಬೇಡಿ. ಈ ಹಂತದಲ್ಲಿ ಸರ್ವರ್‌ನ ನಡವಳಿಕೆ ಕೂದಲೆಳೆಯಷ್ಟೂ ಬದಲಾಗಬಾರದು, ಹಾಗಾಗಿ ಇದಕ್ಕೆ ಬೇರೆಯದೇ ಪುಲ್ ರಿಕ್ವೆಸ್ಟ್ ಇರಲಿ.

2. ಕಟ್ಟುವ ಕೆಲಸ ಒಂದೇ ಫಂಕ್ಷನ್‌ಗೆ. ಕಾನ್ಫಿಗ್ ಕೊಟ್ಟರೆ ಅದು ಸಿದ್ಧ ಪ್ರೊವೈಡರ್ ಕೊಡಬೇಕು, ಇಲ್ಲವೇ ಎರರ್. ಓಐಡಿಸಿ ಆದರೆ ಡಿಸ್ಕವರಿ ದಾಖಲೆಯನ್ನು (ಪ್ರೊವೈಡರ್ ತನ್ನ ವಿಳಾಸಗಳನ್ನು ಪ್ರಕಟಿಸುವ ಫೈಲ್) ಅಲ್ಲೇ ತರಿಸಿ ನೋಡಿ, 10 ಸೆಕೆಂಡಿನ ಟೈಮ್‌ಔಟ್ ಹಾಕಿ. ದಾಖಲೆಯೊಳಗಿನ ಇಷ್ಯೂಯರ್ ನಿಮ್ಮ ಕಾನ್ಫಿಗ್‌ನಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಕೊನೆಯಲ್ಲೊಂದು ಸ್ಲ್ಯಾಶ್ ಹೆಚ್ಚಾದರೂ ಲೈಬ್ರರಿ ತಿರಸ್ಕರಿಸುತ್ತದೆ, ಅದು ಸರಿಯೇ. ಎಲ್‌ಡ್ಯಾಪ್ ಆದರೆ 636ನೇ ಪೋರ್ಟ್‌ಗೆ ಟಿಎಲ್‌ಎಸ್‌ನಲ್ಲಿ ಸಂಪರ್ಕಿಸಿ ಒಮ್ಮೆ ಬೈಂಡ್ (ಎಲ್‌ಡ್ಯಾಪ್‌ನ ಲಾಗಿನ್) ಮಾಡಿ ನೋಡಿ.

3. ತಿದ್ದಬೇಡಿ, ಅದಲುಬದಲು ಮಾಡಿ. ರಿಫ್ಯಾಕ್ಟರಿಂಗ್‌ನ ಜೀವ ಇರುವುದು ಇಲ್ಲೇ. ಪ್ರೊವೈಡರ್‌ಗಳ ಮ್ಯಾಪ್ (ಐಡಿ ಕೊಟ್ಟು ಪ್ರೊವೈಡರ್ ಹುಡುಕುವ ಪಟ್ಟಿ) ಒಮ್ಮೆ ಸಿದ್ಧವಾದ ಮೇಲೆ ಅದನ್ನು ಯಾರೂ ಮುಟ್ಟಕೂಡದು. ರೀಲೋಡ್ ಎಂದರೆ ಪಕ್ಕದಲ್ಲಿ ಹೊಸ ಮ್ಯಾಪ್ ಕಟ್ಟಿ, ಎಲ್ಲ ಸರಿಯಿದ್ದರೆ ಮಾತ್ರ ಆಟಾಮಿಕ್ (ಒಂದೇ ಏಟಿಗೆ ಬದಲಾಗುವ) ಪಾಯಿಂಟರನ್ನು ಅದರ ಕಡೆ ತಿರುಗಿಸುವುದು. ಗೋ 1.19ರಿಂದ ಇದಕ್ಕೆ ಟೈಪ್ ಸಮೇತ ಪಾಯಿಂಟರ್ ಸಿಗುತ್ತದೆ. ಓಡುತ್ತಿರುವ ಮ್ಯಾಪನ್ನೇ ತಿದ್ದಲು ಹೋದರೆ ಗೋ ರನ್‌ಟೈಮ್ ಅದನ್ನು ಪತ್ತೆಹಚ್ಚಿ ಪ್ರಕ್ರಿಯೆಯನ್ನೇ ಕೊಲ್ಲಬಹುದು. ರಿಕವರ್ ಹಾಕಿದರೂ ಅದನ್ನು ತಡೆಯಲಾಗದು. ಇನ್ನೊಂದು ಸೂಕ್ಷ್ಮ: ಪ್ರತಿ ರಿಕ್ವೆಸ್ಟ್ ಆರಂಭದಲ್ಲಿ ಪಾಯಿಂಟರನ್ನು ಒಂದೇ ಸಲ ಓದಿ, ಕೊನೆತನಕ ಅದನ್ನೇ ಬಳಸಬೇಕು. ಎರಡು ಸಲ ಓದಿದರೆ ಹಳೆಯ ಕ್ಲೈಂಟ್ ಐಡಿಗೆ ಹೊಸ ಸೀಕ್ರೆಟ್ ಅಂಟಿಕೊಂಡು, ಸಾವಿರಕ್ಕೊಮ್ಮೆ ಲಾಗಿನ್ ಕೈಕೊಡುವ, ಯಾರ ಕಣ್ಣಿಗೂ ಬೀಳದ ಬಗ್ ಹುಟ್ಟುತ್ತದೆ.

ಕಾನ್ಫಿಗ್ ಬದಲಾಗದ ಪ್ರೊವೈಡರನ್ನು ಮತ್ತೆ ಕಟ್ಟಬೇಡಿ, ಹಳೆಯದನ್ನೇ ಹೊಸ ಮ್ಯಾಪ್‌ಗೆ ದಾಟಿಸಿ. ಅದರ ಕೀಲಿಗಳ ಕ್ಯಾಶ್, ಎಲ್‌ಡ್ಯಾಪ್ ಸಂಪರ್ಕಗಳ ಪೂಲ್ ಉಳಿಯುತ್ತವೆ. ಆ ಹೊತ್ತಿಗೆ ಅದರ ಡಿಸ್ಕವರಿ ಸರ್ವರ್ ಮಲಗಿದ್ದರೂ ರೀಲೋಡ್ ಕೆಡುವುದಿಲ್ಲ. ಹೋಲಿಸುವಾಗ ಸೀಕ್ರೆಟ್‌ ಫೈಲ್‌ನ ಪಾತ್ ಅಲ್ಲ, ಅದರೊಳಗಿನ ವಿಷಯವನ್ನು ಹೋಲಿಸಿ. ಮರೆತರೆ, ಹೊಸ ಸೀಕ್ರೆಟ್ ಬಂದರೂ 'ಏನೂ ಬದಲಾಗಿಲ್ಲ' ಎನ್ನುತ್ತದೆ ನಿಮ್ಮ ಕೋಡ್.

4. ರೀಲೋಡ್ ಯಾವಾಗ? ಫೈಲನ್ನೇ ಕಾಯುವ ವಾಚರ್ ಒಂದೆರಡು ಬದಲಾವಣೆಯ ನಂತರ ಕಿವುಡಾಗುವುದುಂಟು. ಅನೇಕ ಎಡಿಟರ್‌ಗಳು ಹೊಸ ಫೈಲ್ ಬರೆದು ಹಳೆಯ ಹೆಸರಿಗೆ ರೀನೇಮ್ ಮಾಡುತ್ತವೆ. ವಾಚರ್ ಮಾತ್ರ ಹಳೆಯ ಐನೋಡ್ (ಡಿಸ್ಕ್‌ನಲ್ಲಿ ಹಳೆಯ ಫೈಲ್‌ನ ಗುರುತು) ಹಿಡಿದು ಕೂತಿರುತ್ತದೆ. ಆದ್ದರಿಂದ ಡೈರೆಕ್ಟರಿಯನ್ನು ಕಾಯಿರಿ, ಸಾಲುಗಟ್ಟಿ ಬರುವ ಈವೆಂಟ್‌ಗಳು ನಿಂತು 500 ಮಿಲಿಸೆಕೆಂಡ್ ಆದಮೇಲೆ ಓದಿ. ಕಂಟೇನರ್‌ಗಳನ್ನು ನಡೆಸುವ ಕ್ಯೂಬರ್ನೆಟೀಸ್‌ನಲ್ಲಿ ಕಾನ್ಫಿಗ್‌ಮ್ಯಾಪನ್ನು (ಸೆಟ್ಟಿಂಗ್ ಇಡುವ ಜಾಗ) ಸಬ್‌ಪಾತ್ ಹಾಕಿ ಮೌಂಟ್ ಮಾಡಿದ್ದರೆ ಆ ಫೈಲ್ ಕಂಟೇನರ್‌ನೊಳಗೆ ಬದಲಾಗುವುದೇ ಇಲ್ಲ, ಎಷ್ಟು ಕಾದರೂ ಅಷ್ಟೇ. ಇಷ್ಟೆಲ್ಲ ರಗಳೆಗಿಂತ ನಿಮಿಷಕ್ಕೊಮ್ಮೆ ಫೈಲ್‌ಗಳ ಹ್ಯಾಶ್ ಹೋಲಿಸುವುದೇ ವಾಸಿ. ಅವಸರಕ್ಕೆ, ಕೈಯಾರೆ ರೀಲೋಡ್ ಮಾಡಿಸಲು, ಸಿಗ್‌ಹಪ್ ಸಿಗ್ನಲ್ ಇರಲಿ.

5. ಕೆಟ್ಟಾಗ ಹಳೆಯದೇ ಗತಿ. ಹೊಸ ಕಾನ್ಫಿಗ್‌ನಲ್ಲಿ ತಪ್ಪಿದ್ದರೆ ಹಳೆಯ ಮ್ಯಾಪ್ ಮುಂದುವರಿಯಲಿ, ಲಾಗ್‌ನಲ್ಲಿ ಪ್ರೊವೈಡರ್‌ನ ಐಡಿ ಸಮೇತ ಎರರ್ ಬರಲಿ (ಸೀಕ್ರೆಟ್ ಬೇಡ!). ಕೊನೆಯ ಯಶಸ್ವಿ ರೀಲೋಡ್‌ನ ಸಮಯವನ್ನು ಮೆಟ್ರಿಕ್ ಆಗಿ ಹೊರಗಿಡಿ. ಕ್ಯೂಬರ್ನೆಟೀಸ್‌ನ ಎಪಿಐ ಸರ್ವರ್ ಕೂಡ ಇದೇ ದಾರಿ ಹಿಡಿದಿದೆ. ಮೊದಲು ಅಲ್ಲಿ ಓಐಡಿಸಿ ಎಂದರೆ ಕಮಾಂಡ್‌ಲೈನ್ ಫ್ಲ್ಯಾಗ್‌ಗಳು, ಒಂದೇ ಪ್ರೊವೈಡರ್. 2024ರಲ್ಲಿ ಬಂದ 1.30ರಿಂದ ದೃಢೀಕರಣದ ಕಾನ್ಫಿಗ್ ಫೈಲ್ ಬದಲಾದರೆ ತಾನಾಗಿ ಓದಿಕೊಳ್ಳುತ್ತದೆ.

6. ಅರ್ಧದಾರಿಯಲ್ಲಿರುವವರು. ಪ್ರೊವೈಡರ್‌ನ ಪುಟಕ್ಕೆ ಹೋದ ಬಳಕೆದಾರ ಓಟಿಪಿ ಹುಡುಕಿ ವಾಪಸ್ ಬರುವಷ್ಟರಲ್ಲಿ ರೀಲೋಡ್ ಆಗಿರಬಹುದು. ಸ್ಟೇಟ್ (ಆ ಲಾಗಿನ್ ಪ್ರಯತ್ನದ ಗುರುತು) ಜೊತೆಗೆ ಪ್ರೊವೈಡರ್ ಐಡಿಯನ್ನೂ ಉಳಿಸಿಟ್ಟರೆ, ಕಾಲ್‌ಬ್ಯಾಕ್‌ನಲ್ಲಿ ಅದನ್ನು ಹೊಸ ಮ್ಯಾಪ್‌ನಲ್ಲಿ ಹುಡುಕಬಹುದು. ಸಿಗದಿದ್ದರೆ 500 ಎರರ್ ಎಸೆಯದೆ ಲಾಗಿನ್ ಪುಟಕ್ಕೆ ಕಳಿಸಿ. ಹಳೆಯ ಪ್ರೊವೈಡರ್‌ನ ಸಂಪರ್ಕಗಳನ್ನೂ ತಕ್ಷಣ ಮುಚ್ಚಬೇಡಿ, ಅದನ್ನು ಹಿಡಿದಿರುವ ರಿಕ್ವೆಸ್ಟ್‌ಗಳು ಮುಗಿಯಲಿ.

ಹೆಚ್ಚಿನವರು ಮರೆಯುವ ಸಂಗತಿ ಇನ್ನೊಂದಿದೆ: ಪ್ರೊವೈಡರನ್ನು ಕಾನ್ಫಿಗ್‌ನಿಂದ ತೆಗೆದರೂ ಅದರ ಮೂಲಕ ಒಳಬಂದವರ ಸೆಷನ್ ಜೀವಂತವಾಗಿಯೇ ಇರುತ್ತದೆ. ಸೆಷನ್‌ನಲ್ಲೂ ಪ್ರೊವೈಡರ್ ಐಡಿ ಬರೆದಿಟ್ಟಿದ್ದರೆ ಮಾತ್ರ ಅವರನ್ನು ಹುಡುಕಿ ಹೊರಹಾಕಲು ಸಾಧ್ಯ.