ಮೂವತ್ತೆರಡು ಕೋರಿನ ಆಸೆ

2023ರ ಕೊನೆಗೆ ಸ್ಟುಡಿಯೋ ಕೆಲಸ ಬಿಟ್ಟು ಬೆಂಗಳೂರಿನ ಮನೆಯಲ್ಲೇ ಗ್ರಾಫಿಕ್ಸ್ ಶಾಟ್ ಮಾಡಿಕೊಡಲು ಕೂತಾಗ ನನ್ನ ಹತ್ತಿರ ಇದ್ದದ್ದು ಹನ್ನೆರಡು ಕೋರಿನ, ಅಂದರೆ ಒಟ್ಟಿಗೆ ಲೆಕ್ಕ ಮಾಡುವ ಹನ್ನೆರಡು ಘಟಕಗಳಿರುವ, ರೈಜನ್ 3900ಎಕ್ಸ್ ಪ್ರೊಸೆಸರ್. ಹೂಡಿನಿ ಅನ್ನುವ ಸಾಫ್ಟ್‌ವೇರಿನಲ್ಲಿ ನೀರು, ಹೊಗೆ, ಧೂಳು ಎಬ್ಬಿಸುವುದು ನನ್ನ ಹೊಟ್ಟೆಪಾಡು. ಅದೇ ನವೆಂಬರ್‌ನಲ್ಲಿ ಥ್ರೆಡ್‌ರಿಪ್ಪರ್ 7970ಎಕ್ಸ್ ಬಂದಿತ್ತು. 32 ಕೋರ್, 64 ಥ್ರೆಡ್ (ಒಂದೊಂದು ಕೋರೂ ಒಟ್ಟಿಗೆ ನಡೆಸುವ ಎರಡೆರಡು ಕೆಲಸದ ಸಾಲು), ಬೆಲೆ 2,499 ಡಾಲರ್. ಸಾಲ ಮಾಡಿಯಾದರೂ ತಗೊಳ್ಳೋಣ ಅನ್ನಿಸಿತ್ತು.

ಗೆಳೆಯನೊಬ್ಬನ ಬಳಿ ಹಳೇ ತಲೆಮಾರಿನ ಥ್ರೆಡ್‌ರಿಪ್ಪರ್ 3970ಎಕ್ಸ್ ಇತ್ತು; ಅದೂ 32 ಕೋರೇ, ನನ್ನ ಚಿಪ್ಪಿನ ಪೀಳಿಗೆಯದೇ. ನನ್ನದೇ ಒಂದು ನೀರಿನ ಶಾಟನ್ನು ಎಸ್ಎಸ್‌ಡಿಗೆ ಹಾಕಿಕೊಂಡು ಅವನ ಮನೆಗೆ ಹೋದೆ. ರೆಂಡರ್, ಅಂದರೆ ಕೊನೆಯ ಚಿತ್ರ ತಯಾರಿಸುವ ಕೆಲಸ, ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಿತು. ನೀರು ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ ಸಿಮ್ಯುಲೇಶನ್ ಮಾತ್ರ ಒಂದೂವರೆ ಪಟ್ಟು ವೇಗವನ್ನೂ ಕಾಣಲಿಲ್ಲ.

ಇದಕ್ಕೆ ಕಾರಣ ಸರಳ. ರೆಂಡರ್‌ನಲ್ಲಿ ಚಿತ್ರದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಸಂಬಂಧವಿಲ್ಲ, ಎಷ್ಟು ಕೋರ್ ಕೊಟ್ಟರೂ ಹಂಚಿಕೊಂಡು ತಿನ್ನುತ್ತವೆ. ನೀರು ಹಾಗಲ್ಲ. ನೂರನೇ ಫ್ರೇಮ್ ಆಗದೆ ನೂರೊಂದನೆಯದು ಇಲ್ಲ, ಒಂದು ಫ್ರೇಮಿನೊಳಗೂ ಸಾಲಾಗಿ ನಡೆಯುವ ಲೆಕ್ಕಗಳಿರುತ್ತವೆ. 1967ರಲ್ಲೇ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ ಹೇಳಿದ್ದು ಇದನ್ನೇ: ಕೆಲಸದ ಹತ್ತನೇ ಒಂದು ಭಾಗ ಸಾಲಾಗಿಯೇ ಆಗಬೇಕಿದ್ದರೆ ಒಂದು ಕೋರಿಗಿಂತ 12 ಕೋರಿಗೆ 5.7 ಪಟ್ಟು ವೇಗ, 32 ಕೋರಿಗೆ ಬರೀ 7.8.

ಆಮೇಲೆ ಒಂದು ವಾರ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಎಲ್ಲೆಲ್ಲಿ ಕಾಯುತ್ತಿದ್ದೇನೆ ಅಂತ ಹಳೇ ಡೈರಿಯಲ್ಲಿ ಬರೆದುಕೊಂಡೆ. ಅನಿಮೇಶನ್‌ನವರು ಕಳಿಸಿದ ರಿಗ್ (ಪಾತ್ರವನ್ನು ಆಡಿಸುವ ಒಳಗಿನ ಕೀಲುಗಳ ಜೋಡಣೆ) ಮಾಯಾ ಸಾಫ್ಟ್‌ವೇರಿನಲ್ಲಿ ತೆವಳುವಾಗ ಪ್ರೊಸೆಸರ್ ಮೀಟರ್ ತೋರಿಸುತ್ತಿದ್ದದ್ದು 4 ಪರ್ಸೆಂಟ್! ಮಷೀನು ಆರಾಮಾಗಿದೆ ಅಂದುಕೊಂಡಿದ್ದೆ. 24 ಥ್ರೆಡ್‌ಗಳಲ್ಲಿ ಒಂದೇ ಒಂದು ಏದುಸಿರು ಬಿಡುತ್ತಿದ್ದರೆ ಲೆಕ್ಕ ಅಷ್ಟೇ ಬರುತ್ತದೆ. ನಾನು ಎದುರಿಗೆ ಕೂತು ಕಾಯುವ ಹೊತ್ತೆಲ್ಲ ಹೆಚ್ಚುಕಡಿಮೆ ಇಂಥದ್ದೇ, ಒಂದೇ ಕೋರಿನ ವೇಗದ ಮೇಲೆ ನಿಂತದ್ದು. ರೆಂಡರ್ ರಾತ್ರಿ ಓಡುತ್ತದೆ, ಆಗ ನಾನು ಮಲಗಿರುತ್ತೇನೆ.

ಹಾಗಾಗಿ ಹದಿನಾರು ಕೋರಿನ, 5.7 ಗಿಗಾಹರ್ಟ್ಸ್‌ವರೆಗೆ ಏರುವ ರೈಜನ್ 7950ಎಕ್ಸ್ ಸಾಕು ಅಂತ ತೀರ್ಮಾನಿಸಿದೆ. ಉಳಿದ ದುಡ್ಡಲ್ಲಿ ರ್‍ಯಾಮ್ ಹೆಚ್ಚಿಸುವ ಯೋಚನೆ. ನೀರಿನ ಕಣಗಳ ನಡುವಿನ ಅಂತರ ಅರ್ಧ ಮಾಡಿದರೆ ಕಣಗಳು ಎಂಟು ಪಟ್ಟಾಗುತ್ತವೆ, ಮೆಮೊರಿಯೂ ಅದರ ಹಿಂದೆಯೇ ಓಡುತ್ತದೆ.

ಎಡವಿದ್ದು ಅಲ್ಲೇ. ಎಸ್.ಪಿ. ರೋಡಿನಿಂದ 32 ಜಿಬಿಯ 6000 ವೇಗದ (ಸೆಕೆಂಡಿಗೆ ಅಷ್ಟು ದಶಲಕ್ಷ ವರ್ಗಾವಣೆ) ನಾಲ್ಕು ಮೆಮೊರಿ ಸ್ಟಿಕ್ ತಂದು ಸಿಕ್ಕಿಸಿದೆ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮದರ್‌ಬೋರ್ಡೇ ಹೋಯಿತು ಅಂತ ಅಂಗಡಿಗೆ ಫೋನ್ ಮಾಡಿದೆ.

“ಸರ್, ಆಫ್ ಮಾಡ್ಬೇಡಿ. ಕಾಫಿ ಕುಡ್ಕೊಂಡ್ ಬನ್ನಿ, ಮೆಮೊರಿ ಟ್ರೈನ್ ಆಗ್ತಿರತ್ತೆ.”

ಹೊಸ ಸ್ಟಿಕ್ ಹಾಕಿದಾಗ ಮಷೀನು ಅದರ ಜೊತೆ ಹೊಂದಿಕೆ ಪರೀಕ್ಷಿಸಿಕೊಳ್ಳುವುದೇ ಈ ಟ್ರೈನಿಂಗ್. ಹಾಗೇ ಆಯಿತು, ಕಾಫಿ ಮುಗಿಯುವ ಹೊತ್ತಿಗೆ ಪರದೆ ಬೆಳಗಿತು. ಆದರೆ ವೇಗ 3600ಕ್ಕೆ ಇಳಿದಿತ್ತು. ಇಂಥ ನಾಲ್ಕು ಸ್ಟಿಕ್ಕಿಗೆ ಆ ಚಿಪ್ಪು ಭರವಸೆ ಕೊಡುವುದೇ ಅಷ್ಟು. ಕೊಳ್ಳುವ ಮುಂಚೆ ಓದಬೇಕಿತ್ತು. 6000ದಲ್ಲಿ ಮೆಮೊರಿಗೂ ಪ್ರೊಸೆಸರಿಗೂ ನಡುವಿನ ದಾರಿಗಳಾದ ಎರಡು ಚಾನೆಲ್‌ನಿಂದ ಸೆಕೆಂಡಿಗೆ 96 ಜಿಬಿ ಹರಿಯಬೇಕಾದದ್ದು 57.6ಕ್ಕೆ ಬಂತು. ಬಲವಂತವಾಗಿ ವೇಗ ಏರಿಸಿದರೆ ಸಿಮ್ಯುಲೇಶನ್ ನಡುರಾತ್ರಿ ಸಾಯುತ್ತಿತ್ತು. ಕೊನೆಗೆ ನಷ್ಟಕ್ಕೇ ಅವನ್ನು ಮಾರಿ, 48 ಜಿಬಿಯ ಎರಡೇ ಸ್ಟಿಕ್ ಹಾಕಿದೆ. ಒಟ್ಟು 96 ಜಿಬಿ, ವೇಗ ಪೂರ್ತಿ. ಥ್ರೆಡ್‌ರಿಪ್ಪರಿಗೆ ದುಡ್ಡು ಸುರಿಯುವವರು ನಿಜಕ್ಕೂ ಕೊಳ್ಳುವುದು ಕೋರನ್ನಲ್ಲ, ಅದರ ನಾಲ್ಕು ಚಾನೆಲ್ಲನ್ನು ಅಂತ ನನಗೆ ಆಗ ಗೊತ್ತಾಯಿತು.

ಇನ್ನೊಂದು ಸಣ್ಣ ವಿಷಯ. ಈ ಚಿಪ್ಪು ಪೂರ್ತಿ ಓಡಿದರೆ 230 ವ್ಯಾಟ್ ಎಳೆದು 95 ಡಿಗ್ರಿಯಲ್ಲಿ ಕೂರುತ್ತದೆ. ಏಪ್ರಿಲ್‌ನಲ್ಲಿ ರೂಮು ಒಲೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಒಳ ಸೆಟ್ಟಿಂಗ್) ಕರೆಂಟು ಉಳಿಸುವ ಇಕೋ ಮೋಡನ್ನು 105 ವ್ಯಾಟಿಗೆ ಇಟ್ಟೆ, ರೆಂಡರ್ ಸ್ವಲ್ಪ ನಿಧಾನವಾಯಿತು ಅಷ್ಟೇ. ಕರೆಂಟು ಹೋದಾಗ ಯುಪಿಎಸ್ ಕೂಡ ಕಿರುಚುವುದು ಬಿಟ್ಟಿತು.

ಹೋದ ತಿಂಗಳು ಅಣೆಕಟ್ಟು ಒಡೆಯುವ ಶಾಟೊಂದು ಬಂತು. 96 ಜಿಬಿ ಎಲ್ಲಿಗೂ ಸಾಲಲಿಲ್ಲ. ಆ ಗೆಳೆಯನ 256 ಜಿಬಿ ಮಷೀನನ್ನೇ ಮೂರು ರಾತ್ರಿ ಬಾಡಿಗೆಗೆ ಪಡೆದೆ. ಬಾಡಿಗೆಯ ಜೊತೆ ಒಂದು ಬಿರಿಯಾನಿಯನ್ನೂ ವಸೂಲಿ ಮಾಡಿದ.