ಹಳೆಯ ಸೋಡಾ ಕೆಗ್‌ಗೆ ಮರುಜೀವ: ಮನೆ ಬಿಯರ್‌ಗೆ ಸಿದ್ಧಪಡಿಸುವುದು ಹೇಗೆ?

ಅಮೆರಿಕದ ಹೋಟೆಲುಗಳಿಗೆ ಪೆಪ್ಸಿ, ಕೋಕ್ ಸಿರಪ್ ಹಿಂದೆ ಕೆಗ್ ಎಂಬ ಸ್ಟೀಲ್ ಪಾತ್ರೆಗಳಲ್ಲಿ ಬರುತ್ತಿತ್ತು. 1980–90ರ ದಶಕಗಳಲ್ಲಿ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲ ಆ ಜಾಗ ಹಿಡಿಯಿತು. ಕೆಲಸವಿಲ್ಲದೆ ಉಳಿದ ಕೆಗ್‌ಗಳು ಮನೆಯಲ್ಲಿ ಬಿಯರ್ ಮಾಡುವವರ ಪಾಲಾದವು. 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಈ ಪಾತ್ರೆಗೆ ಮನೆಯಲ್ಲಿ ಒಮ್ಮೆಗೆ ಮಾಡುವ ಬಿಯರ್ ಸರಿಯಾಗಿ ತುಂಬುತ್ತದೆ. ಕಾರ್ನೀಲಿಯಸ್, ಫೈರ್‌ಸ್ಟೋನ್, ಸ್ಪಾರ್ಟನ್‌ಬರ್ಗ್, ಯಾರು ಮಾಡಿದ್ದಾದರೂ ಎಲ್ಲರೂ ಕರೆಯುವುದು ಕಾರ್ನಿ ಕೆಗ್ ಎಂದೇ.

ಹಳೆಯ ಕೆಗ್ ಕೈಕೊಟ್ಟರೆ ತಪ್ಪು ಸಾಮಾನ್ಯವಾಗಿ ಸ್ಟೀಲಿನದಲ್ಲ, ರಬ್ಬರಿನದು. ಸ್ಟೀಲು ದಶಕಗಟ್ಟಲೆ ಬಾಳುತ್ತದೆ; ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಸಿರಪ್‌ನ ವಾಸನೆಯನ್ನೂ ಹೀರಿಕೊಂಡು ಕೂತಿರುತ್ತದೆ. ರೂಟ್ ಬಿಯರ್ ಎಂಬ ಸಿಹಿ ಸೋಡಾ ಇದ್ದ ಕೆಗ್‌ನ ಹಳೆಯ ರಿಂಗನ್ನು ಎಷ್ಟು ತೊಳೆದರೂ ಆ ವಾಸನೆ ಹೋಗುವುದಿಲ್ಲ. ಆದ್ದರಿಂದ ಚೆನ್ನಾಗಿಯೇ ಕಂಡರೂ ಐದೂ ಓ-ರಿಂಗ್ ಬದಲಿಸಿ: ಮುಚ್ಚಳದ ದೊಡ್ಡದು ಒಂದು, ಪೋಸ್ಟ್‌ಗಳ (ಗ್ಯಾಸ್, ಬಿಯರ್ ಪೈಪ್ ಜೋಡಿಸುವ ಮೇಲಿನ ಮೂತಿಗಳು) ಹೊರಗಿನವು ಎರಡು, ಒಳಕೊಳವೆಗಳ ಕುತ್ತಿಗೆಯವು ಎರಡು. ಐದೂ ಸೇರಿದ ಕಿಟ್ ಸಿಗುತ್ತದೆ. ಪೈಪ್ ಜೋಡಣೆಯಲ್ಲಿ ಬಾಲ್ ಲಾಕ್, ಪಿನ್ ಲಾಕ್ ಎಂದು ಎರಡು ಬಗೆ, ಅವಕ್ಕೆ ಕಿಟ್ ಬೇರೆ ಬೇರೆ.

ಕೊಳ್ಳುವಾಗ

ಪೆಪ್ಸಿಯವರದು ಬಾಲ್ ಲಾಕ್, ಕೋಕ್‌ನವರದು ಪಿನ್ ಲಾಕ್. ಪಿನ್ ಲಾಕ್‌ನ ಪೋಸ್ಟ್‌ಗಳ ಪಕ್ಕದಲ್ಲಿ ಸಣ್ಣ ಪಿನ್‌ಗಳು ಚಾಚಿರುತ್ತವೆ: ಗ್ಯಾಸಿನ ಕಡೆ ಎರಡು, ಬಿಯರ್ ಕಡೆ ಮೂರು. ಹಾಗಾಗಿ ಅದರಲ್ಲಿ ಪೈಪ್ ಅದಲುಬದಲಾಗುವ ಭಯವಿಲ್ಲ. ಬಾಲ್ ಲಾಕ್‌ನಲ್ಲಿ ಎರಡು ಪೋಸ್ಟ್‌ಗಳೂ ಹೆಚ್ಚುಕಡಿಮೆ ಒಂದೇ ಥರ. ಗ್ಯಾಸ್ ಪೋಸ್ಟ್‌ನ ಬುಡದ ಅಂಚಿನಲ್ಲಿರುವ ಸಣ್ಣ ಕಚ್ಚುಗಳೇ ಗುರುತು. ಬಿಡಿಭಾಗ ಸುಲಭವಾಗಿ ಸಿಗುವುದು ಬಾಲ್ ಲಾಕ್‌ಗೆ. ಮೊದಲ ಕೆಗ್ ಅದೇ ಇರಲಿ. ಮುಂದೆ ಕೊಳ್ಳುವುದೂ ಅದೇ ಜಾತಿಯದಾಗಿದ್ದರೆ ಪೈಪು, ಕನೆಕ್ಟರುಗಳನ್ನು ಎರಡೆರಡು ಬಗೆ ಇಟ್ಟುಕೊಳ್ಳಬೇಕಿಲ್ಲ.

ಗೋಡೆಯ ಮೇಲಿನ ನೆಗ್ಗು, ಗೀರು, ಅಂಟಿದ ಲೇಬಲ್ ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಬಾಯಿಯ ಅಂಚನ್ನು. ಅಲ್ಲಿ ಬೆರಳಾಡಿಸಿದಾಗ ನೆಗ್ಗು ಸಿಕ್ಕಿದರೆ ಯಾವ ರಿಂಗೂ ಅದನ್ನು ಮುಚ್ಚಲಾರದು, ಅಂಥದ್ದನ್ನು ಬಿಡಿ. ಟಾರ್ಚ್ ಹಾಕಿ ಒಳಗೆ ನೋಡಿ: ಕಂದು ಕಲೆ ತೊಳೆದರೆ ಹೋಗುತ್ತದೆ, ಉಗುರಿಗೆ ಸಿಗುವಂಥ ಗುಳಿ ಹೋಗುವುದಿಲ್ಲ. ಒಳಗೆ ಇನ್ನೂ ಒತ್ತಡವಿರುವ ಕೆಗ್ ಸಿಕ್ಕರೆ ಒಳ್ಳೆಯದೇ, ಅದು ಸೋರುತ್ತಿಲ್ಲ ಎಂದರ್ಥ.

ಬಿಚ್ಚುವುದು

ಮೊದಲ ಕೆಲಸ ಒತ್ತಡ ಇಳಿಸುವುದು. ಮುಚ್ಚಳದಲ್ಲಿ ರಿಲೀಫ್ ವಾಲ್ವ್ ಇದ್ದರೆ ಅದರ ಉಂಗುರ ಎಳೆಯಿರಿ. ಅನೇಕ ಪಿನ್ ಲಾಕ್‌ಗಳಲ್ಲಿ ಅದು ಇರುವುದಿಲ್ಲ. ಆಗ ಗ್ಯಾಸ್ ಪೋಸ್ಟ್‌ನ ನಡುವಿನ ಪಾಪೆಟ್ಟನ್ನು (ಸ್ಪ್ರಿಂಗ್ ಇರುವ ಪುಟ್ಟ ಕವಾಟ) ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಹಿಡಿಯಿರಿ. ಮುಖ ದೂರವಿರಲಿ, ಹಳೆಯ ಸಿರಪ್ ಚಿಮ್ಮುತ್ತದೆ. ಸದ್ದು ಪೂರ್ತಿ ನಿಲ್ಲುವ ತನಕ ಪೋಸ್ಟ್‌ಗೆ ಸ್ಪ್ಯಾನರ್ ಹಚ್ಚಲೇಬೇಡಿ. ಒತ್ತಡವಿದ್ದಾಗ ಬಿಚ್ಚಿದರೆ ಪೋಸ್ಟ್ ಗುಂಡಿನಂತೆ ಹಾರುತ್ತದೆ.

ಮುಚ್ಚಳ ಮೊಟ್ಟೆಯಾಕಾರದ್ದು, ಒಳಗಿನಿಂದ ಮೇಲಕ್ಕೆ ಒತ್ತಿ ಕೂರುವಂಥದ್ದು. ಹಿಡಿ ಎತ್ತಿದ ಮೇಲೂ ಅದು ಕದಲದಿದ್ದರೆ ಒಳಗೆ ಇನ್ನೂ ಒತ್ತಡವಿರಬಹುದು. ಬಡಿಯಬೇಡಿ, ಮತ್ತೊಮ್ಮೆ ಗ್ಯಾಸ್ ಬಿಡಿ.

ಪೋಸ್ಟ್ ಬಿಚ್ಚಲು ಬಾಲ್ ಲಾಕ್‌ಗೆ ಹೆಚ್ಚಾಗಿ 7/8 ಅಥವಾ 11/16 ಇಂಚಿನ ಉದ್ದ ಸಾಕೆಟ್ ಬೇಕು. ಪಿನ್ ಲಾಕ್‌ಗೆ ಪಿನ್‌ಗಳು ಕೂರುವಂತೆ ಕಚ್ಚು ಕೊರೆದ ಸಾಕೆಟ್ ಬೇರೆಯೇ ಇದೆ. ಕೆಳಗಿನ ಒಳಕೊಳವೆಗಳನ್ನೂ ಎಳೆದು ತೆಗೆಯಿರಿ: ತಳ ಮುಟ್ಟುವ ಉದ್ದನೆಯದು ಬಿಯರ್‌ಗೆ, ಗೇಣುದ್ದವೂ ಇಲ್ಲದ ಗಿಡ್ಡನೆಯದು ಗ್ಯಾಸ್‌ಗೆ. ಬೇರೆ ಬೇರೆ ಕಂಪನಿಗಳ ಪೋಸ್ಟ್‌ಗಳ ಮರೆ (ತಿರುಪಿನ ಗೆರೆ) ಒಂದೇ ಅಲ್ಲ. ಎರಡು ಮೂರು ಕೆಗ್ ಒಟ್ಟಿಗೆ ಬಿಚ್ಚುವುದಾದರೆ ಪ್ರತಿಯೊಂದರ ಭಾಗಗಳನ್ನೂ ಬೇರೆ ಬೇರೆ ಬಟ್ಟಲಿನಲ್ಲಿಡಿ. ಬೆರೆತ ಪೋಸ್ಟನ್ನು ಬಲವಂತವಾಗಿ ತಿರುಗಿಸಿದರೆ ಕೆಗ್‌ನ ಮರೆಯೇ ಸವೆದು ಹೋಗುತ್ತದೆ, ಅದನ್ನು ಮನೆಯಲ್ಲಿ ಸರಿಪಡಿಸಲಾಗದು.

ತೊಳೆಯುವುದು

ಬಿಸಿನೀರಿನಲ್ಲಿ ಸಿರಪ್ ಕರಗಿಸಿ ಚೆಲ್ಲಿ. ಆಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ನೀರನ್ನು ಬಾಯಿತನಕ ತುಂಬಿ, ಪಿಬಿಡಬ್ಲ್ಯೂನಂಥ ಕ್ಷಾರದ ಪುಡಿಯನ್ನು ಗ್ಯಾಲನ್‌ಗೆ 1 ಔನ್ಸ್ ಲೆಕ್ಕದಲ್ಲಿ, ಅಂದರೆ ಇಡೀ ಕೆಗ್‌ಗೆ ಸುಮಾರು 140 ಗ್ರಾಂ ಹಾಕಿ. ಕೊಳವೆಗಳನ್ನೂ ಅದರಲ್ಲೇ ಇಳಿಬಿಡಿ, ರಾತ್ರಿಯಿಡೀ ನೆನೆಯಲಿ. ಮುಚ್ಚಳ ಬಿಗಿಯಬೇಡಿ, ಈ ಪುಡಿ ಆಮ್ಲಜನಕ ಬಿಡುತ್ತದೆ, ಮುಚ್ಚಿದರೆ ಒತ್ತಡ ಏರುತ್ತದೆ. ಬೆಳಿಗ್ಗೆ ಉದ್ದ ಬ್ರಷ್‌ನಿಂದ ಕೊಳವೆಯ ಒಳಗನ್ನು ತಿಕ್ಕಿ. ಹೊರಗಿನಿಂದ ಫಳಫಳ ಹೊಳೆಯುವ ಕೆಗ್‌ನ ಬಿಯರ್ ಹುಳಿಯಾಗುವುದು ಎಷ್ಟೋ ಸಲ ಈ ಕೊಳವೆಯ ಕೊಳೆಯಿಂದಲೇ.

ಬ್ಲೀಚ್ ಬೇಡ, ಕ್ಲೋರಿನ್ ಸ್ಟೀಲನ್ನು ಗುಳಿ ಬೀಳಿಸುತ್ತದೆ. ಕಬ್ಬಿಣದ ಉಜ್ಜುನಾರೂ ಬೇಡ. ಅದರ ಕಣಗಳು ಸ್ಟೀಲಿನಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ.

ಜೋಡಿಸಿ ಸೋರಿಕೆ ನೋಡುವುದು

ಹೊಸ ರಿಂಗ್‌ಗಳಿಗೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ವ್ಯಾಸಲೀನ್ ರಬ್ಬರನ್ನು ಕೆಡಿಸುತ್ತದೆ. ಕೊಳವೆ, ಪಾಪೆಟ್, ಪೋಸ್ಟ್ ಇದೇ ಕ್ರಮದಲ್ಲಿ ಕೂರಿಸಿ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ.

ಇನ್ನು ಮುಖ್ಯ ಪರೀಕ್ಷೆ. ಖಾಲಿ, ಒಣ ಕೆಗ್‌ಗೆ ರೆಗ್ಯುಲೇಟರ್ ಮೂಲಕ 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಇಂಗಾಲದ ಡೈಆಕ್ಸೈಡ್ ಕೊಡಿ. ನೀರು ಇರಕೂಡದು, ಏಕೆಂದರೆ ಗ್ಯಾಸ್ ನೀರಿನಲ್ಲಿ ಕರಗಿ ಒತ್ತಡ ಇಳಿಯುತ್ತದೆ, ಅದು ಸೋರಿಕೆಯಂತೆ ಕಾಣುತ್ತದೆ. ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಎಂದೂ ಜೋಡಿಸಬೇಡಿ: ಕೋಣೆಯ ತಾಪದಲ್ಲಿ ಸಿಲಿಂಡರಿನ ಒತ್ತಡ 800 ಪಿಎಸ್‌ಐ ಆಸುಪಾಸಿನದು, ಈ ಕೆಗ್‌ಗಳ ಮೇಲೆ ಸಾಮಾನ್ಯವಾಗಿ ಕೊರೆದಿರುವ ಮಿತಿ 130.

ಸೋಪಿನ ನೀರು ಸಿಂಪಡಿಸಿ ಗುಳ್ಳೆ ನೋಡಿ. ಮುಚ್ಚಳದ ಸುತ್ತ ಬಂದರೆ ಒತ್ತಡ ಇಳಿಸಿ, ಮುಚ್ಚಳ ತೆಗೆದು 180 ಡಿಗ್ರಿ ತಿರುಗಿಸಿ ಕೂರಿಸಿ. ಮೊಂಡು ಕೆಗ್‌ಗೆ ಮೆದು ಸಿಲಿಕೋನಿನ ದಪ್ಪ ರಿಂಗ್ ಹಾಕಿ. ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಇದೂ ಒಳಗಿನ ಒತ್ತಡ ಏರಿದ ಮೇಲೆಯೇ ಬಿಗಿಯುವುದು. ಸಕ್ಕರೆ ಹಾಕಿ ಕೆಗ್‌ನಲ್ಲೇ ನೊರೆ ಬರಿಸಲು ಹೊರಟವರ ಬಿಯರ್ ಸಪ್ಪೆಯಾಗುವುದು ಇದೇ ಕಾರಣಕ್ಕೆ: ಒತ್ತಡ ನಿಧಾನ ಏರುತ್ತದೆ, ಮುಚ್ಚಳ ಬಿಗಿಯುವ ಮೊದಲೇ ಗ್ಯಾಸ್ ಜಾರಿಹೋಗುತ್ತದೆ. ಅಂಥವರೂ ಆರಂಭದಲ್ಲಿ ಒಮ್ಮೆ 30 ಪಿಎಸ್‌ಐ ಕೊಟ್ಟು ಮುಚ್ಚಳ ಕೂರಿಸಬೇಕು.

ಪೋಸ್ಟ್‌ನ ನಡುವಿನಿಂದ ಗುಳ್ಳೆ ಬಂದರೆ ಪಾಪೆಟ್ಟನ್ನು ಎರಡು ಸಲ ಒತ್ತಿ ಬಿಡಿ, ನಿಲ್ಲದಿದ್ದರೆ ಬದಲಿಸಿ. ಪೋಸ್ಟ್‌ನ ಬುಡದಲ್ಲಿ ಬಂದರೆ ಕೊಳವೆಯ ರಿಂಗ್ ಸರಿ ಕೂತಿಲ್ಲ. ಬಿಯರ್ ಕಡೆಯ ಈ ಪುಟ್ಟ ರಿಂಗ್ ಕೆಟ್ಟರೆ ಸೋರಿಕೆ ಹೊರಗೆ ಕಾಣದೆಯೂ ಇರಬಹುದು. ಮೇಲಿನ ಗ್ಯಾಸ್ ನೇರ ಬಿಯರ್ ಪೈಪಿಗೆ ನುಗ್ಗಿ ಲೋಟದ ತುಂಬ ಬರೀ ನೊರೆ ಬರುತ್ತದೆ. ಗುಳ್ಳೆ ಕಾಣದ ಮೇಲೂ ಗ್ಯಾಸ್ ಪೈಪ್ ಕಳಚಿ ಒಂದು ದಿನ ಬಿಡಿ, ಮರುದಿನ ಗ್ಯಾಸ್ ಪೋಸ್ಟ್‌ಗೆ ಒತ್ತಡದ ಗೇಜ್ ಜೋಡಿಸಿ ನೋಡಿ. ಈ ಒಂದು ದಿನವನ್ನು ಉಳಿಸಲು ಹೋದವರ ಸಿಲಿಂಡರ್ ರಾತ್ರಿ ಬೆಳಗಾಗುವುದರೊಳಗೆ ಖಾಲಿಯಾಗುತ್ತದೆ.

ತುಂಬುವುದು

ಸ್ಟಾರ್ ಸ್ಯಾನ್ ಎಂಬ ಸೋಂಕುನಿವಾರಕ 30 ಮಿ.ಲೀ. ಬೆರೆಸಿದ 19 ಲೀಟರ್ ನೀರನ್ನು ಕೆಗ್‌ಗೆ ತುಂಬಿ ಎರಡು ನಿಮಿಷ ಬಿಡಿ. ಅದನ್ನು ಚೆಲ್ಲುವ ಬದಲು ಗ್ಯಾಸ್ ಒತ್ತಡದಿಂದಲೇ ಬಿಯರ್ ಪೈಪಿನ ಮೂಲಕ ಹೊರದಬ್ಬಿ. ಕೊಳವೆಯೂ ಶುದ್ಧವಾಗುತ್ತದೆ, ಬಿಯರ್ ಕೆಡಿಸುವ ಗಾಳಿಯೂ ಹೊರಹೋಗುತ್ತದೆ. ಉಳಿದ ನೊರೆಯಿಂದ ತೊಂದರೆಯಿಲ್ಲ. ಬಿಯರ್ ತುಂಬಿದ ಮೇಲೆ 4 ಡಿಗ್ರಿ ತಂಪಿನಲ್ಲಿ 12 ಪಿಎಸ್‌ಐಗೆ ಜೋಡಿಸಿಟ್ಟರೆ ವಾರ, ಹತ್ತು ದಿನದಲ್ಲಿ ಹದವಾದ ಗ್ಯಾಸ್ ಹಿಡಿಯುತ್ತದೆ. ಬೂದು ಕನೆಕ್ಟರ್ ಗ್ಯಾಸ್‌ಗೆ, ಕಪ್ಪು ಬಿಯರ್‌ಗೆ. ಬಾಲ್ ಲಾಕ್‌ನಲ್ಲಿ ತಪ್ಪಾಗಿ ಒತ್ತಿದರೆ ಕಚ್ಚಿಕೊಂಡು ಬಿಡುವುದೇ ಇಲ್ಲ.

ಅಮೆರಿಕದಲ್ಲಿ 1978ರ ಒಕ್ಕೂಟ ಕಾನೂನಿನ ಪ್ರಕಾರ ಮನೆಬಳಕೆಗೆ ಬಿಯರ್ ಮಾಡಬಹುದು: ವರ್ಷಕ್ಕೆ ಒಬ್ಬ ವಯಸ್ಕರಿರುವ ಮನೆಗೆ 100 ಗ್ಯಾಲನ್, ಹೆಚ್ಚಿದ್ದರೆ 200. ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಕಾಯ್ದೆ 1965ರಡಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಇಲ್ಲಿರುವವರು ಇದೇ ಕೆಗ್‌ನಲ್ಲಿ ಸೋಡಾ ಮಾಡಿಕೊಳ್ಳಬಹುದು: ತಂಪು ನೀರಿಗೆ 30 ಪಿಎಸ್‌ಐ, ನಿಂಬೆ, ಉಪ್ಪು ಲೋಟಕ್ಕೆ.

ಕೆಗ್ ಖಾಲಿಯಾದ ದಿನವೇ ತೊಳೆದು, ಶುದ್ಧಗೊಳಿಸಿ, 10 ಪಿಎಸ್‌ಐ ಗ್ಯಾಸ್ ಕೊಟ್ಟು ಮುಚ್ಚಿಡಿ. ಮುಂದಿನ ಸಲ ರಿಲೀಫ್ ವಾಲ್ವ್ ಎಳೆದಾಗ ಸದ್ದು ಬಾರದಿದ್ದರೆ ತುಂಬುವ ಮೊದಲು ಸೋಪಿನ ನೀರಿನ ಪರೀಕ್ಷೆಯನ್ನು ಮತ್ತೆ ಮಾಡಿ.