ಮಳೆ ರಜೆಯಲ್ಲಿ ನಮ್ಮನೆ ಆಟಗಳು

ಶಿರಸಿಯಲ್ಲಿ ಜೂನ್ ಬಂತೆಂದರೆ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಚಿಂತೆ. ಮಳೆ ಹಿಡಿದರೆ ಬಿಡುವುದಿಲ್ಲ, ಇವತ್ತು ಶಾಲೆಗೆ ರಜೆ ಅಂತ ಬೆಳಿಗ್ಗೆ ಬೆಳಿಗ್ಗೆ ಮೊಬೈಲಿಗೆ ಸುದ್ದಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಕರೆಂಟು ಹೋಗುತ್ತದೆ, ತೋಟದ ಕಡೆ ಇಳಿದರೆ ಉಂಬಳ (ಜಿಗಣೆ). ಮನೆಯೊಳಗೆ ಇಬ್ಬರು ಮಕ್ಕಳು. ಮಗಳು ನಾಲ್ಕನೇ ಕ್ಲಾಸು, ಮಗ ಈಗಷ್ಟೇ ಒಂದನೇ ಕ್ಲಾಸು. ಅತ್ತೆಯವರೂ ನಮ್ಮ ಜೊತೆಗೇ ಇದ್ದಾರೆ. ಅವರಿಲ್ಲದಿದ್ದರೆ ಇಲ್ಲಿ ಬರೆದಿದ್ದರಲ್ಲಿ ಅರ್ಧ ನಡೆಯುತ್ತಿರಲಿಲ್ಲ.

ಏನೇನೋ ಮಾಡಿ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು. ಕೂತಲ್ಲೇ ಮುಗಿದುಹೋಗುವ ಆಟ ಅರ್ಧ ಗಂಟೆಗೆ ಸಾಕು. ನಾಳೆಗೆ ಸ್ವಲ್ಪ ಬಾಕಿ ಉಳಿಯುವ ಆಟ ಇಡೀ ಮಳೆಗಾಲಕ್ಕೆ ಬರುತ್ತದೆ. ಅದಕ್ಕೇ ನಾನು ಈಗ ಆಟ ಆರಿಸುವಾಗ ನೋಡುವುದು ಒಂದನ್ನೇ, ಮಕ್ಕಳು ಮಾರನೇ ದಿನ ಎದ್ದವರೇ ಅದನ್ನು ಹುಡುಕಿಕೊಂಡು ಹೋಗುತ್ತಾರಾ ಅಂತ.

ಹಾಗೆ ಹುಡುಕಿಕೊಂಡು ಹೋಗುವುದರಲ್ಲಿ ಮೊದಲನೆಯದು ಮಳೆ ಅಳೆಯುವುದು. ನಮ್ಮ ಕಡೆ ಅಡಿಕೆ ತೋಟ ಇರುವವರೆಲ್ಲ "ನಿಮ್ಮಲ್ಲಿ ಎಷ್ಟು ಇಂಚು?" ಅಂತ ಕೇಳಿಕೊಳ್ಳುವುದು ಮಕ್ಕಳ ಕಿವಿಗೆ ಹೇಗೂ ಬಿದ್ದಿರುತ್ತದೆ. ಅದನ್ನೇ ಅವರ ಕೈಗೆ ಕೊಟ್ಟೆವು. ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ಬೇಕು, ಮೈ ನೇರವಾಗಿರಬೇಕು, ನಡುವೆ ಸೊಂಟದ ಹಾಗೆ ಒಳಕ್ಕೆ ಹೋಗಿರಬಾರದು. ಕುತ್ತಿಗೆ ಇಳಿದು ಮೈ ನೇರವಾಗುವ ಜಾಗದಲ್ಲಿ ಕತ್ತರಿಸಿ (ಕತ್ತರಿ ದೊಡ್ಡವರ ಕೈಯಲ್ಲೇ ಇರಲಿ), ಮೇಲಿನ ತುಂಡನ್ನು ತಲೆಕೆಳಗಾಗಿ ಬಾಟಲಿಯೊಳಗೆ ಕೂರಿಸಿದರೆ ಅದೇ ಲಾಳಿಕೆ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ, ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ತಳಕ್ಕೆ ನಾಲ್ಕು ಕಲ್ಲು ಹಾಕಿ, ಮೈ ನೇರವಾಗುವಲ್ಲಿವರೆಗೆ ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆ ಬರುವ ಹಾಗೆ ಒಂದು ಪ್ಲಾಸ್ಟಿಕ್ ಸ್ಕೇಲನ್ನು ಟೇಪು ಹಾಕಿ ಅಂಟಿಸಿ. ಕಲ್ಲು ಹಾಕಿದ್ದರಿಂದ ಗಾಳಿಗೂ ಬೀಳುವುದಿಲ್ಲ. ಮಾಡಿನ ನೀರು ಬೀಳದ, ಮರದ ಹನಿ ತಾಗದ ಬಯಲಿನಲ್ಲಿ ಇಡಬೇಕು. ನಮ್ಮಲ್ಲಿ ತುಳಸಿಕಟ್ಟೆಯ ಆಚೆ ಅಂಥ ಜಾಗ ಸಿಕ್ಕಿತು.

ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಲೆಕ್ಕ ಹಿಡಿಯುತ್ತಾರೆ. ನಾವೂ ಅದೇ ಹೊತ್ತು ಇಟ್ಟುಕೊಂಡೆವು. ಮಗಳು ಛತ್ರಿ ಹಿಡಿದು ಹೋಗಿ, ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ಸರಿಯಾಗಿ ತಂದು ಓದುತ್ತಾಳೆ. ಮೇಲಿನಿಂದ ನೋಡಿದರೆ ಬೇರೆ ಅಂಕಿ ಕಾಣುತ್ತದೆ ಅನ್ನುವುದನ್ನು ಅವಳೇ ಕಂಡುಕೊಂಡಳು. ಓದಿಯಾದ ಮೇಲೆ ನೀರು ಚೆಲ್ಲಿ ಮತ್ತೆ ಸೊನ್ನೆಗೆ ತಂದು ಇಡುವುದು ಮಗನ ಕೆಲಸ. ದಿನಾ ಚೆಲ್ಲುವುದರಿಂದ ಸೊಳ್ಳೆಯ ಹೆದರಿಕೆಯೂ ಇಲ್ಲ. ಆಮೇಲೆ ಚೌಕುಳಿ ಪಟ್ಟಿಯಲ್ಲಿ ಅವನು ಬಣ್ಣ ತುಂಬುತ್ತಾನೆ, 10 ಮಿಲಿಮೀಟರಿಗೆ ಒಂದು ಮನೆ. ಜೋರು ಮಳೆಯ ದಿನ ಆ ನೀಲಿ ಕಂಬ ಪುಟದ ಮೇಲೆ ಮೇಲೆ ಹೋಗುವುದನ್ನು ನೋಡುವಾಗ ಅವನ ಮುಖ ನೋಡಬೇಕು! ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರೀ ಮಳೆ, 115.6ಕ್ಕೆ ಮುಟ್ಟಿದರೆ ಅತಿ ಭಾರೀ. ಪಟ್ಟಿಯಲ್ಲಿ ಆ ಎರಡು ಕಡೆ ಕೆಂಪು ಗೆರೆ ಹಾಕಿಟ್ಟಿದ್ದೇವೆ, ಮಗ ದಿನಾ ಕಾಯುವುದು ಕಂಬ ಆ ಗೆರೆ ಮುಟ್ಟಲಿ ಅಂತ.

ಇದಕ್ಕೆ ಅಜ್ಜಿ ಸೇರಿಸಿದ್ದು ನಕ್ಷತ್ರಗಳನ್ನು. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಕ್ಯಾಲೆಂಡರು ನೋಡಿ ಪಟ್ಟಿಯ ಮೇಲ್ಗಡೆ ಆ ಹೆಸರುಗಳನ್ನೂ ಬರೆದರು. ಈಗ ಯಾವ ಮಳೆಯಲ್ಲಿ ಎಷ್ಟು ಬಿತ್ತು ಅಂತ ಕೂಡಿಸುವುದೇ ಒಂದು ಲೆಕ್ಕ. ಕುಮಟಾದಲ್ಲಿರುವ ನನ್ನ ತಂಗಿಯ ಮಕ್ಕಳೂ ಬಾಟಲಿ ಇಟ್ಟಿದ್ದಾರೆ. ಸಂಜೆ ಫೋನಿನಲ್ಲಿ "ನಮ್ಮಲ್ಲಿ ಇಷ್ಟು, ನಿಮ್ಮಲ್ಲಿ ಎಷ್ಟು" ನಡೆಯುತ್ತದೆ. ಕರಾವಳಿಯಲ್ಲಿ ಬಿದ್ದ ಮಳೆ ಘಟ್ಟದ ಮೇಲೆ ಬೀಳದೇ ಇರುವ ದಿನವೂ ಇರುತ್ತದೆ, ಉಲ್ಟಾ ಕೂಡ.

ಅಂಕಿ ಗೊತ್ತಾದ ಮೇಲೆ ಲೀಟರಿನ ಲೆಕ್ಕವನ್ನೂ ಮಾಡಿಸಿ. 1 ಮಿಲಿಮೀಟರ್ ಮಳೆ ಅಂದರೆ 1 ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ನಮ್ಮ ಬಚ್ಚಲ ಹಿಂದಿನ ತಗಡಿನ ಮಾಡು 10 ಅಡಿ ಉದ್ದ 10 ಅಡಿ ಅಗಲ, ಅಂದರೆ 9 ಚದರ ಮೀಟರಿಗೆ ಸ್ವಲ್ಪ ಜಾಸ್ತಿ. 60 ಮಿಲಿಮೀಟರ್ ಬಿದ್ದ ದಿನ ಅಷ್ಟು ಸಣ್ಣ ಮಾಡಿನಿಂದಲೇ 540 ಲೀಟರ್ ಇಳಿಯಿತು. 15 ಲೀಟರಿನ ಕೊಡದಲ್ಲಿ 36 ಕೊಡ. ಮಗಳು ಆ 36 ಅನ್ನು ಎರಡು ಸಲ ಭಾಗಿಸಿ ನೋಡಿದಳು, ನಂಬಿಕೆಯೇ ಬರಲಿಲ್ಲ ಅವಳಿಗೆ.

ಎರಡನೆಯದು ಚೌಕಾಬಾರ. ಇದು ಎಲ್ಲರಿಗೂ ಗೊತ್ತಿರುವ ಆಟ, ಆದರೆ ಎಷ್ಟು ಮನೆಯಲ್ಲಿ ಆಡುತ್ತಾರೆ ಹೇಳಿ. ನೆಲಕ್ಕೆ ಸೀಮೆಸುಣ್ಣದಲ್ಲಿ ಐದು ಸಾಲು ಐದು ಮನೆ ಬರೆದರೆ ಆಯ್ತು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಸಾಕು, ಅದನ್ನು ತಯಾರು ಮಾಡುವುದೇ ಅರ್ಧ ದಿನದ ಖುಷಿ. ಒಳ್ಳೆ ದಪ್ಪನೆಯ ಬೀಜ ಆರಿಸಿ, ಒರಟು ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ, ಒಂದೇ ಮಗ್ಗುಲನ್ನು ತಿಕ್ಕುತ್ತಾ ಹೋಗಬೇಕು. ಮೊದಲು ಕಂದು ಸಿಪ್ಪೆ ತೆಳ್ಳಗಾಗುತ್ತದೆ, ನಡುವೆ ಬಿಳಿ ಚುಕ್ಕೆ ಕಾಣುತ್ತದೆ, ಆಮೇಲೆ ಆ ಚುಕ್ಕೆ ಅಗಲವಾಗುತ್ತಾ ಆಗುತ್ತಾ ಮಗ್ಗುಲು ಪೂರ್ತಿ ಬೆಳ್ಳಗೆ. ಬೆರಳು ಬಿಸಿಯಾಗುತ್ತದೆ, ಮಗ ನಡುನಡುವೆ ಕಲ್ಲಿಗೆ ನೀರು ಹಾಕಿ "ಆಯೀ, ಇನ್ನೂ ಎಷ್ಟು ತಿಕ್ಕಬೇಕು?" ಅಂತ ತೋರಿಸಲು ಓಡಿ ಬರುತ್ತಿದ್ದ. ಅಂಥ ನಾಲ್ಕು ಬೀಜ. ಬಿಳಿ ಎಷ್ಟು ಮೇಲಾಯಿತೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಹೊರಸುತ್ತು ಒಂದು ದಿಕ್ಕು, ಒಳಸುತ್ತು ಎದುರು ದಿಕ್ಕು, ನಡುಮನೆಗೆ ಹೋದರೆ ಕಾಯಿ ಹಣ್ಣು. ಒಬ್ಬರ ಕಾಯಿಯನ್ನಾದರೂ ಕಡಿಯದೇ ಒಳಸುತ್ತಿಗೆ ಹೋಗುವ ಹಾಗಿಲ್ಲ ಅನ್ನುವ ನಿಯಮ ನಮ್ಮನೆಯಲ್ಲಿ ಕಡ್ಡಾಯ, ಅದಿದ್ದರೇ ಆಟಕ್ಕೆ ಕಳೆ.

ಸಣ್ಣವನಿಗೆ ಕಾಯಿ ಕಡಿಸಿಕೊಂಡರೆ ಅಳು ಬರುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದೆವು. ಅವನು ಮತ್ತು ಅಜ್ಜಿ ಒಂದು ಪಕ್ಷ, ನಾನು ಮತ್ತು ಮಗಳು ಇನ್ನೊಂದು ಪಕ್ಷ. ಜೊತೆಗೆ ಒಬ್ಬರಿದ್ದರೆ ಸೋಲು ಅಷ್ಟು ಭಾರ ಅನಿಸುವುದಿಲ್ಲ. ಯಾರು ಎಷ್ಟು ಆಟ ಗೆದ್ದರು ಅನ್ನುವುದನ್ನು ಮಳೆ ಪಟ್ಟಿಯ ಹಿಂದಿನ ಪುಟದಲ್ಲೇ ಬರೆಯುತ್ತೇವೆ, ಚೌತಿ ಹಬ್ಬದ ದಿನ ಕೂಡಿಸುವುದು. ಹಾಗಾಗಿ ಇವತ್ತು ಸೋತವರಿಗೆ ನಾಳೆ ಇದ್ದೇ ಇರುತ್ತದೆ.

ಎರಡು ಎಚ್ಚರಿಕೆ. ತೀರಾ ಸಣ್ಣ ಮಕ್ಕಳಿದ್ದರೆ ಬೀಜ, ಕವಡೆ ಯಾವುದನ್ನೂ ಕೈಗೆ ಕೊಟ್ಟು ಎದ್ದು ಹೋಗಬೇಡಿ, ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ. ಮತ್ತೆ ಗುಲಗಂಜಿ ನೋಡಲು ಎಷ್ಟೇ ಚಂದ ಇರಲಿ, ಚನ್ನೆಮಣೆಗೂ ಬೇಡ, ಬೇರೆ ಯಾವ ಆಟಕ್ಕೂ ಬೇಡ. ಅದರ ಬೀಜ ವಿಷ.

ಕರೆಂಟು ಹೋದ ಸಂಜೆಗೆ ನಮ್ಮಲ್ಲಿ ತಾಳಮದ್ದಳೆ. ಯಕ್ಷಗಾನದ ನಾಡಿನಲ್ಲಿದ್ದು ಇದನ್ನು ಮನೆಯೊಳಗೆ ತರದಿದ್ದರೆ ಹೇಗೆ? ವೇಷ ಬೇಡ, ಕುಣಿತ ಬೇಡ, ಗೆಜ್ಜೆ ಬೇಡ, ಕೂತು ಮಾತಾಡಿದರೆ ಆಯ್ತು. ಅಜ್ಜಿ ಭಾಗವತರು, ಸ್ಟೀಲ್ ತಟ್ಟೆಗೆ ಚಮಚ ಬಡಿದರೆ ಜಾಗಟೆ. ಮಗನಿಗೆ ಖಾಲಿ ಡಬ್ಬಿಯ ಮದ್ದಳೆ. ಅರ್ಥ ಹೇಳುವುದು, ಅಂದರೆ ಪಾತ್ರವಾಗಿ ಮಾತಾಡುವುದು, ಮಗಳು ಮತ್ತು ಅವಳ ಅಪ್ಪ. ನಮ್ಮಲ್ಲಿ ಜಾಸ್ತಿ ನಡೆಯುವುದು ವಾಲಿ-ರಾಮರ ಮಾತು. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನಲ್ಲ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಅಂತ. ಮಕ್ಕಳಿಗೆ ಆ ಪ್ರಶ್ನೆ ಕೂಡಲೇ ಮನಸ್ಸಿಗೆ ತಾಗುತ್ತದೆ. ಬಚ್ಚಿಟ್ಟುಕೊಂಡು ಹೊಡೆಯುವುದು ಮೋಸ ಅಂತ ಅವರ ಎಲ್ಲ ಆಟದಲ್ಲೂ ಇದೆಯಲ್ಲ.

ಮಗಳು ವಾಲಿಯಾಗಿ ಗೋಡೆಗೆ ಒರಗಿ ಕೂತು, "ನಿನಗೂ ನನಗೂ ಜಗಳವೇ ಇರಲಿಲ್ಲ, ಸುಗ್ರೀವ ನಿನ್ನ ದೋಸ್ತ ಅಂದ ಮಾತ್ರಕ್ಕೆ ನನ್ನನ್ನು ಹೊಡೆಯಬಹುದಾ?" ಅಂತ ಕೇಳಿದಳು. ಇವರು ರಾಮನಾಗಿ, "ತಮ್ಮನ ಹೆಂಡತಿಯನ್ನು ಇಟ್ಟುಕೊಂಡು ಅವನನ್ನು ಊರು ಬಿಡಿಸಿದ್ದು ಯಾರು?" ಅಂದರು. "ಅದು ನಮ್ಮ ಮನೆ ಜಗಳ, ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತಲ್ಲ" ಅಂದಳು ಅವಳು. ಇವರು ತಕ್ಷಣ ಉತ್ತರ ಕೊಡಲಾಗದೆ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಅಜ್ಜಿ ತಟ್ಟೆ ಬಡಿದು ಅವಳಿಗೇ ಶಹಬ್ಬಾಸ್ ಕೊಟ್ಟರು. ಮಾರನೇ ಸಂಜೆ ಪಾತ್ರ ಅದಲುಬದಲು. ನಿನ್ನೆ ತಾನೇ ಕೇಳಿದ ಪ್ರಶ್ನೆಗೆ ಇವತ್ತು ತಾನೇ ರಾಮನಾಗಿ ಉತ್ತರ ಹೇಳಬೇಕು. ಹಗಲೆಲ್ಲ ಅದನ್ನೇ ಯೋಚಿಸುತ್ತಾ ಓಡಾಡಿದಳು. ನಿಯಮ ಒಂದೇ, ಎದುರಿನವರ ಪ್ರಶ್ನೆಗೆ ಉತ್ತರ ಕೊಡದೆ ನಿನ್ನ ಪ್ರಶ್ನೆ ಕೇಳುವ ಹಾಗಿಲ್ಲ. ಮಗನಿಗೆ ಪುರಾಣದ ಮಾತು ಉದ್ದವಾಯಿತು ಅನಿಸಿದರೆ ಅವನು ಹೇಳಿದ್ದೇ ಪ್ರಸಂಗ, ಕಾಗೆಗೂ ನಾಯಿಗೂ ರೊಟ್ಟಿಯ ಜಗಳ ಇತ್ಯಾದಿ.

ಹಗಲು ಹೊತ್ತಿಗೆ ಬಣ್ಣ. ಶಿರಸಿ, ಸಿದ್ದಾಪುರ, ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿರುತ್ತೀರಿ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಬರೆಯುತ್ತಾರೆ. ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದು ಕರಿ ಮಾಡಿದ ಅಕ್ಕಿಯಿಂದ ಕಪ್ಪು, ಪುಂಡಿ ನಾರಿನ ಕುಂಚ. ಅವರ ಕೈಚಳಕ ನಮಗೆಲ್ಲಿ ಬರಬೇಕು, ಆದರೆ ಬಣ್ಣ ಮಾಡುವ ರೀತಿಯನ್ನು ಅವರಿಂದಲೇ ತೆಗೆದುಕೊಂಡೆವು. ಧರೆಯ ಕೆಮ್ಮಣ್ಣನ್ನು ನೀರಿನಲ್ಲಿ ಕಲಡಿ, ಬಟ್ಟೆಯಲ್ಲಿ ಸೋಸಿ, ಹಳೇ ರಟ್ಟಿಗೆ ಎರಡು ಕೈ ಬಳಿದು ಒಣಗಿಸುವುದು. ಮಳೆಗಾಲದಲ್ಲಿ ಒಣಗಲು ಒಂದು ದಿನ ಬೇಕೇ ಬೇಕು. ಅಷ್ಟರಲ್ಲಿ ಅಕ್ಕಿ ನೆನೆಸಿಟ್ಟರೆ ಮಾರನೇ ದಿನ ರುಬ್ಬಿ ಗೆರೆ. ಅಡಿಕೆ ಹಾಳೆಯ ಮೇಲೂ ಚೆನ್ನಾಗಿ ಬರುತ್ತದೆ. ಹಳದಿಗೆ ಅರಿಶಿನ. ಅರಿಶಿನದ ಗೆರೆ ಎಳೆದು ಅದರ ಮೇಲೆ ಸೋಪಿನ ನೀರು ಮುಟ್ಟಿಸಿ ನೋಡಿ, ಕೆಂಪಾಗುತ್ತದೆ, ಲಿಂಬೆ ಹುಳಿ ಬಿಟ್ಟರೆ ಮತ್ತೆ ಹಳದಿ. ಸುಣ್ಣದ ನೀರಿನಿಂದಲೂ ಆಗುತ್ತದೆ, ಆದರೆ ಕಣ್ಣಿಗೆ ಸಿಡಿದರೆ ಕಷ್ಟ. ಮಕ್ಕಳಿಗೆ ಸೋಪೇ ಸಾಕು.

ಉಳಿದಂತೆ ಸಣ್ಣಪುಟ್ಟವು. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಜಗಲಿ ತುಂಬ ಎಳೆಯುವುದು. ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೇಳೆ ಸುಡುವುದು (ಮೊದಲೇ ಚಾಕುವಿನಿಂದ ಒಂದು ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ). ಕಾಗದದ ದೋಣಿ ಬಿಡುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಖರ್ಚು ಅಂತ ಆಗಿದ್ದು ಚೌಕುಳಿ ಪಟ್ಟಿಗೆ, ಸ್ಕೇಲಿಗೆ ಮತ್ತು ಟೇಪಿಗೆ. ದುಡ್ಡಿಗಿಂತ ಜಾಸ್ತಿ ಬೇಕಾಗಿದ್ದು ನಮ್ಮ ಹೊತ್ತು. ಮಕ್ಕಳನ್ನು ಆಡಲು ಬಿಟ್ಟು ನಾವು ಮೊಬೈಲು ಹಿಡಿದು ಕೂತರೆ ಹತ್ತು ನಿಮಿಷಕ್ಕೆ ಅವರೂ ಅದನ್ನೇ ಕೇಳುತ್ತಾರೆ. ಪಕ್ಷ ಕಟ್ಟಿಕೊಂಡು ನಾವೂ ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಮನೆಕೆಲಸದ ನಡುವೆ ದಿನಪೂರ್ತಿ ಕೂರಲು ಯಾರಿಂದಲೂ ಆಗುವುದಿಲ್ಲ ಬಿಡಿ, ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ, ದೀಪ ಹಚ್ಚಿದ ಮೇಲೆ ಒಂದು ಗಂಟೆ ಅಂತ ನಾವು ಹಂಚಿಕೊಂಡಿದ್ದೇವೆ.

ಒಂದು ಮಾತು ಸಾಮಾನಿನ ಬಗ್ಗೆ. ನಮ್ಮ ಮಳೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಬೀಜ, ಪಟ್ಟಿ, ಕುಂಚ ಎಲ್ಲ ಮುಚ್ಚಳ ಗಟ್ಟಿ ಇರುವ ಬಿಸ್ಕತ್ತಿನ ಡಬ್ಬಿಯಲ್ಲಿ ಇಡಿ. ಬರೆದ ರಟ್ಟು, ಹಾಳೆಗಳನ್ನು ಗೋಡೆಗೆ ಒರಗಿಸಿ ಇಟ್ಟರೆ ವಾರದೊಳಗೆ ಬಿಳಿ ಚುಕ್ಕೆ ಬರುತ್ತದೆ, ನಾವು ಅವನ್ನು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತೇವೆ, ಅಡಿಕೆ ಒಣಗಿದ ಹಾಗೆ ಗರಿಗರಿ ಇರುತ್ತವೆ. ಅಕ್ಕಿ ಹಿಟ್ಟಿನ ಬಣ್ಣ ಮಾತ್ರ ಎರಡನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಅವತ್ತಿಗೆ ಬೇಕಾದಷ್ಟೇ ರುಬ್ಬಿ.